ಜರಡಿಯಲ್ಲಿ ಸಿಕ್ಕಿಬಿದ್ದ ಕರೆಯೋಲೆ

ಕ್ರಿಸ್ಟಿಯಾನ್‌ಸುಂಡ್
ಮೇ ೨೦, ಬುಧವಾರ

ಪ್ರೀತಿಯ ತಮ್ಮ ಆಸ್ಮುಂಡ್,

ಪ್ರೀತಿಯ ಅಂತ ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೂ ಬರೆದಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಮಗಳು ರಾಗ್ನಿಯ ಕೆಮ್ಮು ಇಳಿಯಿತೇ? ಟ್ರೋಂಡ್‌ಹೈಮ್‌ನಲ್ಲಿ ಇನ್ನೂ ಚಳಿಯಂತೆ, ಕಿವಿ ಮುಚ್ಚಿಕೊಂಡು ಓಡಾಡಲು ಅವಳಿಗೆ ಹೇಳು. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಮಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಯಾರ ಮೇಲೂ ಇನ್ನೂ ಕೈ ಮಾಡಿಲ್ಲ. ಅಮ್ಮನ ಸೊಂಟದ ಆಪರೇಷನ್ ಸರಿಯಾಗಿದೆ. ನಿನ್ನೆ ವಾಕರ್ ಹಿಡಿದು ಬಾಗಿಲವರೆಗೆ ನಡೆದಳು. ಇಮೇಲ್ ಬಿಟ್ಟು ಇದೇನು ಕಾಗದ ಎಂದು ನಿನಗೆ ಅನ್ನಿಸಬಹುದು. ಪೂರ್ತಿ ಓದು, ಗೊತ್ತಾಗುತ್ತದೆ.

ಭಾನುವಾರ, ಹದಿನೇಳನೇ ತಾರೀಖು, ರಾಷ್ಟ್ರೀಯ ದಿನವೆಂದು ಇಡೀ ಊರು ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದಾಗ ಫೋನಿನಲ್ಲಿ ನೀನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಎಪ್ಪತ್ತೊಂಬತ್ತು ವರ್ಷಕ್ಕೆ ಏಣಿ ಹತ್ತೋ ಹುಚ್ಚು ಯಾಕಕ್ಕಾ ಅಮ್ಮಂಗೆ? ಒಂದು ಮಾತು ಹೇಳಿದ್ರೆ ನಾನು ಬರ್ತಿರ್ಲಿಲ್ವಾ?" ಅಂದೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಇಮೇಲ್ ಬರ್ಲೇ ಇಲ್ಲ. ಬೇಕಾದ್ರೆ ನಿನ್ನ ಜರಡಿನೇ ಕೇಳು" ಅಂತ ನಕ್ಕೆ. ಕೇಳಿದೆ ಕಣೋ. ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕೂತು ಕೇಳಿದೆ.

ಹನ್ನೊಂದು ವರ್ಷದಿಂದ ಈ ದ್ವೀಪಗಳ ಮೂರು ಸಾವಿರ ಮನೆಗಳ ಇಮೇಲ್‌ಗೆ, ಊರು ಬಿಟ್ಟರೂ ಹಳೆಯ ವಿಳಾಸ ಬಿಡದ ನಿನ್ನದಕ್ಕೂ, ನಾನು ಕಾವಲು. ಕಳ್ಳ ಪತ್ರ ಸೋಸುವ ಈ ಜರಡಿ ನಿನಗೆ ಒಮ್ಮೆ ಕೂರಿಸಿದರೆ ತನ್ನಷ್ಟಕ್ಕೆ ನಡೆಯುವ ಯಂತ್ರ. ಹಾಗಿದ್ದಿದ್ದರೆ ನನ್ನ ತಲೆಕೂದಲು ಇನ್ನೂ ಕಪ್ಪಗಿರುತ್ತಿತ್ತು. ಮೊದಲು ಆ ಕಳ್ಳರು ಮಾತ್ರೆ ಮಾರುತ್ತಿದ್ದರು, ಲಾಟರಿ ಹೊಡೆದಿದೆ ಎನ್ನುತ್ತಿದ್ದರು. ಆ ಪದಗಳನ್ನು ಜರಡಿಗೆ ಕಲಿಸಿದೆ. ಅಕ್ಷರಗಳ ನಡುವೆ ಚುಕ್ಕೆ ಇಟ್ಟು ಬಂದರು. ಚುಕ್ಕೆ ಬಿಟ್ಟು ಓದಲು ಕಲಿಸಿದೆ. ಆಮೇಲೆ ಅಕ್ಷರವೇ ಬೇಡವೆಂದು ಚಿತ್ರದೊಳಗೆ ಬರೆದು ಕಳಿಸಿದರು. ಈ ಫೆಬ್ರವರಿಯಿಂದ ಆ ದರಿದ್ರದವರು ಮನೆಯವರ ಹಾಗೆ ಬರೆಯಲು ಶುರುಮಾಡಿದ್ದಾರೆ. "ಚಿನ್ನಾ, ಹೇಗಿದೀಯಾ? ಸ್ವಲ್ಪ ಸಹಾಯ ಬೇಕಿತ್ತು, ಬೇಗ ತಿಳಿಸು." ಮೂವರು ಮುದುಕರು ಅದನ್ನು ನಂಬಿ ಮೋಸಹೋದರು. ಅದಕ್ಕೇ ಏಪ್ರಿಲ್ ಕೊನೆಯಲ್ಲಿ ಜರಡಿಯನ್ನು ಬಿಗಿಮಾಡಿದೆ. ಮುದ್ದಿನ ಮಾತು, ಸಹಾಯದ ಕೋರಿಕೆ, ಒಂದೇ ಪತ್ರ ಹತ್ತಾರು ಜನಕ್ಕೆ, ಇವೆಲ್ಲ ಒಟ್ಟಿಗೆ ಬಂದರೆ ತಡೆದು ನಿಲ್ಲಿಸು ಎಂದು. ಹಾಗಾದರೆ ನಿಜವಾದ ಅಮ್ಮಂದಿರ ಗತಿ ಏನು ಎಂದು ಕೇಳುತ್ತೀಯ ತಾನೇ? ಅವರು ಸಿಕ್ಕಿಬೀಳಬಾರದು. ಕಳಿಸುವವರಿಗೆ ಒಂದು ಹೆಸರಿರುತ್ತದೆ. ವರ್ಷಗಟ್ಟಲೆ ಎಲ್ಲರೂ ಅವರ ಪತ್ರ ತೆರೆದು ಓದಿದ್ದರೆ ಅದು ಒಳ್ಳೆಯ ಹೆಸರು, ಜರಡಿ ಕಣ್ಣುಮುಚ್ಚಿ ಒಳಗೆ ಬಿಡುತ್ತದೆ. ಆ ಹೆಸರನ್ನು ಕೆಡಿಸುವುದು ನಿಮ್ಮ ಪರದೆಯ ಮೇಲಿರುವ 'ಇದು ಸ್ಪ್ಯಾಮ್' ಅನ್ನುವ ಗುಂಡಿ. ನೀವು ಒತ್ತಿದರೆ ಸ್ವಲ್ಪ ಕೆಡುತ್ತದೆ. ಕಲಿಸುವವಳು ನಾನಾದ್ದರಿಂದ ನನ್ನ ಒಂದು ಒತ್ತಿಗೆ ನಿಮ್ಮಂಥ ಇಪ್ಪತ್ತು ಜನರ ತೂಕ.

ಈಗ ನಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಪ್ಪ ಹೋದ ಮೇಲೂ ಅವಳು ಪ್ರತಿ ವಸಂತದಲ್ಲಿ ದಡದಲ್ಲಿ ದೋಣಿ ಇಡುವ ದೋಣಿಮನೆಯ ರಿಪೇರಿಗೆಂದು ದುಗ್ನಾಡ್‌ಗೆ ಎಲ್ಲರನ್ನೂ ಕರೆಯುತ್ತಾಳೆ, ಮಕ್ಕಳು, ದಾಯಾದಿಗಳು, ಅಕ್ಕಪಕ್ಕದವರು ಸೇರಿ ಹದಿನಾಲ್ಕು ಜನ. ಎಲ್ಲರೂ ಕೂಡಿ ಒಂದು ದಿನ ದುಡಿಯುವುದು, ಆಮೇಲೆ ಕಂದು ಚೀಸ್ ಹಾಕಿ ವಾಫಲ್ ತಿನ್ನುವುದು. ನಮ್ಮ ಜನಕ್ಕೆ ದುಗ್ನಾಡ್‌ಗೆ ಬರಲು ಸೋಮಾರಿತನ, ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ಅದಕ್ಕಿಂತ ನಾಚಿಕೆ. ಇಲ್ಲ ಅಂದವನ ಮುಖವನ್ನು ಇಡೀ ದ್ವೀಪ ನೋಡುತ್ತದೆ. ಅದಕ್ಕೇ ಏನು ಮಾಡುತ್ತೀರಿ? ಮೆಲ್ಲಗೆ ಸ್ಪ್ಯಾಮ್ ಗುಂಡಿ ಒತ್ತುತ್ತೀರಿ. ಆಮೇಲೆ "ಅಯ್ಯೋ, ಬರ್ಲೇ ಇಲ್ವಲ್ಲ!" ಎಂದು ಕೈ ತೊಳೆದುಕೊಳ್ಳುತ್ತೀರಿ. ಯಾರು ಯಾವಾಗ ಒತ್ತಿದರು ಎಂಬ ದಾಖಲೆ ನನ್ನಲ್ಲಿದೆ. ಮನೆಯವರದ್ದನ್ನು ತೆಗೆದು ನೋಡಬಾರದು. ನೋಡಿದೆ. ನಿನ್ನದೇ ಮೂರು ಸಲ! ಹೋದ ವರ್ಷ ಏಪ್ರಿಲ್‌ನಲ್ಲಿ, ಮತ್ತೆ ಮೇನಲ್ಲಿ, ಈ ಮಾರ್ಚ್‌ನಲ್ಲಿ ಅವಳು "ತಾರೀಖು ಆಮೇಲೆ ತಿಳಿಸ್ತೀನಿ" ಎಂದು ಸೋರುವ ಸೂರಿನ ಫೋಟೋ ಕಳಿಸಿದಾಗ ಇನ್ನೊಮ್ಮೆ. ಹೆತ್ತ ತಾಯಿಯ ಪತ್ರ ಕಣೋ ಅದು! "ಈ ಸಲ ಆಗಲ್ಲಮ್ಮ" ಅನ್ನಲು ನಿನಗೆ ನಾಲಿಗೆ ಇರಲಿಲ್ಲವೇ?

ಹೀಗೆ ಹೆಸರು ಕೆಟ್ಟು ಕೂತಿದ್ದವಳು ಈ ತಿಂಗಳ ಮೂರಕ್ಕೆ ಬರೆದಳು. "ನನ್ನ ಚಿನ್ನಗಳೇ, ಒಂಬತ್ತನೇ ತಾರೀಖು ಶನಿವಾರ ಸೂರಿಗೆ ಸಹಾಯ ಬೇಕು, ಬೇಗ ತಿಳಿಸಿ." ಜರಡಿ ಹದಿನಾಲ್ಕೂ ಪತ್ರವನ್ನು ಹಿಡಿದು ಹಾಕಿತು. ನನಗೆ ಬರೆದದ್ದೂ ಅದರೊಳಗೇ ಇತ್ತು. ಹಿಡಿದ ರಾಶಿಯನ್ನು ನಾನು ದಿನಾ ನೋಡಬೇಕು, ಆ ವಾರ ನಾಲ್ಕು ಸಾವಿರ ಬಿದ್ದಿದ್ದವು, ನೋಡಲಿಲ್ಲ. ಈ ವರ್ಷ ಕರೆಯಲಿಲ್ಲ, ಸದ್ಯ, ಎಂದುಕೊಂಡು ಶನಿವಾರ ಮನೆಯ ಕಿಟಕಿ ತೊಳೆದೆ. ಅಲ್ಲಿ ಅಮ್ಮ ದೋಣಿಮನೆ ಮುಂದೆ ಮೇಜು ಹಾಕಿ ಹದಿನಾಲ್ಕು ಬಟ್ಟಲು ಜೋಡಿಸಿ ಕೂತಿದ್ದಳು. ಮೂರು ಗಂಟೆಯವರೆಗೆ ಕಾದು, ತಾನೇ ಸುತ್ತಿಗೆ ತೆಗೆದುಕೊಂಡು ಏಣಿ ಹತ್ತಿದಳು. ಪಕ್ಕದ ಮನೆಯ ಐನಾರ್ ಬಲೆ ಎತ್ತಿಕೊಂಡು ಬರುವಾಗ ಅವಳು ಕಲ್ಲಿನ ಮೇಲೆ ಬಿದ್ದಿರುವುದನ್ನು ನೋಡಿದ. "ನಂಗೂ ಬಂದಿರ್ಲಿಲ್ಲ ಗುನ್‌ವೋರ್. ಬಂದಿದ್ರೆ ನಾನೊಬ್ನಾದ್ರೂ ಹೋಗ್ತಿದ್ದೆ" ಎಂದು ಆ ಮುದುಕ ಆಸ್ಪತ್ರೆಯಲ್ಲಿ ಕಣ್ಣೀರು ಹಾಕಿದ. ಒಮ್ಮೆಯೂ ಗುಂಡಿ ಒತ್ತದವನು ಅವನೊಬ್ಬನೇ.

ಅಮ್ಮ ಯಾರನ್ನೂ ಬೈಯಲಿಲ್ಲ. ಅವಳು ಬೈದಿದ್ದರೆ ನಾನು ಇಷ್ಟು ಬೈಯುತ್ತಿರಲಿಲ್ಲ. "ಎಲ್ರಿಗೂ ಅವರವರ ಕೆಲ್ಸ ಇರತ್ತೆ ಪುಟ್ಟಾ. ಬರಲ್ಲ ಅಂತ ಒಂದು ಸಾಲು ಬರ್ದಿದ್ರೆ ಹಿಟ್ಟು ಕಮ್ಮಿ ಕಲಸ್ತಿದ್ದೆ, ಅಷ್ಟೇ" ಅಂದಳು. ಇನ್ನು ಮೇಲೆ ಯಾರನ್ನೂ ಕರೆಯುವುದಿಲ್ಲವಂತೆ, ದೋಣಿಮನೆಯನ್ನು ಐನಾರ್‌ಗೆ ಬಿಟ್ಟುಕೊಡುತ್ತಾಳಂತೆ. ಹದಿನಾಲ್ಕು ಜನವೂ ಪತ್ರ ಓದಿ ಸುಮ್ಮನಿದ್ದರು ಎಂದೇ ಅವಳು ನಂಬಿದ್ದಾಳೆ. ನಿಜ ಅದಕ್ಕಿಂತ ಹೊಲಸು. ಅವಳ ಹೆಸರನ್ನು ನಿನ್ನೆ ಜರಡಿಯಲ್ಲಿ ಸರಿಮಾಡಿದೆ, ಎರಡು ನಿಮಿಷದ ಕೆಲಸ. ಅವಳ ಮನಸ್ಸಿಗೆ ಅಂಥ ಗುಂಡಿ ಇಲ್ಲವಲ್ಲ.

ಜೂನ್ ಆರು, ಶನಿವಾರ, ಸೂರು ಹೊದಿಸುತ್ತೇವೆ. ಅಮ್ಮನಿಗೆ ಅಷ್ಟರೊಳಗೆ ಮನೆಗೆ ಬರಲು ಬಿಡುತ್ತಾರೆ. ನಿನ್ನ ಸುತ್ತಿಗೆ ತಾ, ಬೆನ್ನುನೋವಿನ ನೆಪ ತರಬೇಡ. ನಿನ್ನ ಹೆಂಡತಿ ಲಿವ್‌ಗೆ ನನ್ನ ನೆನಪು ಹೇಳು, ರಾಗ್ನಿಯ ಎರಡು ಕೆನ್ನೆಗೂ ಅತ್ತೆಯ ಮುತ್ತು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ,
ಗುನ್‌ವೋರ್

ಮರೆತಿದ್ದೆ: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದಿದ್ದೇನೆ. ದಾಖಲೆಯಲ್ಲಿ ನಿನ್ನ ಮೂರಕ್ಕೂ ಮುಂಚೆ, ಎಲ್ಲರಿಗಿಂತ ಮೊದಲು, ಇನ್ನೊಂದು ಒತ್ತು ಇದೆ. ಹೋದ ವರ್ಷ ಏಪ್ರಿಲ್ ಹದಿನೇಳು, ಮಧ್ಯಾಹ್ನ ಹನ್ನೆರಡು ನಲವತ್ತು. ಅದು ನನ್ನದು. ಆಗ ನಾನು ಮೀಟಿಂಗಿನಲ್ಲಿದ್ದೆ, ಅಮ್ಮನ ಹನ್ನೊಂದು ಫೋಟೋ ಒಟ್ಟಿಗೆ ಬಂದವು, ಥೂ ಎಂದು ಒತ್ತಿಬಿಟ್ಟೆ. ಇಪ್ಪತ್ತು ಜನರ ತೂಕದ್ದು. ಅವಳಿಗೆ ಇದನ್ನು ನಾನೇ ಹೇಳಬೇಕು. ಒಬ್ಬಳೇ ಹೇಳಲಾರೆ ಕಣೋ. ಬಾ.