ವ್ಯಾಸಲೀನ್ ಹಚ್ಚುವವರು

ಮಾರ್ಚ್ 4

ಬೆಳಗ್ಗೆಯಿಂದ ಪ್ಲಾಸ್ಟರ್. ಹೋಟೆಲಿನವರ ಸಿಂಹದ ಅಚ್ಚು. ಸಿಲಿಕೋನ್ ಪದರ ನಿನ್ನೆಯೇ ಒಣಗಿತ್ತು. ಬರೀ ಸಿಲಿಕೋನ್ ಬಿಚ್ಚಿದರೆ ಒದ್ದೆ ಸಾಕ್ಸ್ ಥರ ಜೋತುಬೀಳುತ್ತದೆ. ಅದಕ್ಕೇ ಸುತ್ತ ಪ್ಲಾಸ್ಟರ್ ಚಿಪ್ಪು, ಎರಡು ಹೋಳು. ಮೊದಲ ಹೋಳು ಕಟ್ಟಿ ನಾನು ಬಕೆಟ್ ತೊಳೆಯಲು ಹೋಗುತ್ತೇನೆ. ಬರುವಷ್ಟರಲ್ಲಿ ಇವರು ಅಂಚಿಗೆ ವ್ಯಾಸಲೀನ್ ಬಳಿದಿರುತ್ತಾರೆ, ಹೋಳುಗಳು ಅಂಟದ ಹಾಗೆ. ಆಮೇಲೆ ಎರಡನೆಯದು. ಮದುವೆಯಾದಾಗಿನಿಂದ ಇದೇ ಕ್ರಮ. ಮಾತೇ ಬೇಡ.

ಸಂಜೆ ಇವರು ಅತ್ತೆಯನ್ನು ಕೂರಿಸಿಕೊಂಡು ಜೇಡಿಮಣ್ಣಲ್ಲಿ ಅವರ ಮುಖ ಮಾಡಿದರು. ಅತ್ತೆಯದು ಒಂದೇ ರಗಳೆ.

"ಮೂಗು ಅಷ್ಟು ದಪ್ಪ ಇಲ್ಲಪ್ಪ ನಂದು."

"ಕನ್ನಡಿ ತಂದ್ಕೊಡ್ಲಾ ಅಮ್ಮ?"

ಎಡಗಿವಿಯೊಂದು ಬಾಕಿ.

ಏಪ್ರಿಲ್ 2

ಬರೆಯಲು ಕೂತೆ. ಏನಂತ... ಇವರು ಹೋದರು. ಬಸ್ ಸ್ಟಾಪಿನಲ್ಲಿ, ನಿಂತ ಹಾಗೇ. ಹಾರ್ಟ್ ಅಂದರು ಡಾಕ್ಟರ್. ಜನ ಬಂದರು, ಹೋದರು. ನನಗೆ ಏನೂ ಅನ್ನಿಸುತ್ತಿಲ್ಲ. ಊಟ ಸೇರುತ್ತದೆ. ನಿದ್ದೆಯೂ ಬರುತ್ತದೆ. ನಾಚಿಕೆಯಾಗುತ್ತದೆ.

ಏಪ್ರಿಲ್ 5

ಅತ್ತೆ ಇವತ್ತು ಬಾಯಿಬಿಟ್ಟೇ ಅಂದರು. "ಒಂದು ಹನಿ ಕಣ್ಣೀರು ಹಾಕ್ಲಿಲ್ವಲ್ಲೇ. ಕಲ್ಲಾ ನೀನು?"

ಇರಬಹುದು ಅಂದೆ. ಜಗಳಕ್ಕೂ ಶಕ್ತಿ ಇಲ್ಲ.

ಆಮೇಲೆ ಮಣ್ಣಿನ ಮುಖಕ್ಕೆ ಸುತ್ತಿದ್ದ ಬಟ್ಟೆ ತೆಗೆದೆ. ಕುತ್ತಿಗೆಯಲ್ಲಿ ಸೀಳು. ಕೆನ್ನೆ ಮೇಲೆ ಇವರ ಹೆಬ್ಬೆರಳಿನ ಗುರುತು, ಗೆರೆ ಸಮೇತ. ಮಣ್ಣು ಒಣಗಿ ಉದುರಿದರೆ ಇದೂ ಹೋಯಿತು. ಬೇಗ ಅಚ್ಚು ತೆಗೆಯಬೇಕು.

"ಕಿವಿ ಮಾಡೋಕೆ ಹೋಗ್ಬೇಡ," ಅಂದರು ಅತ್ತೆ. "ಅವನು ಬಿಟ್ಟ ಹಾಗೇ ಇರ್ಲಿ."

ಏಪ್ರಿಲ್ 7

ಸಿಲಿಕೋನ್ ಬಳಿದೆ. ಹೆಬ್ಬೆರಳಿನ ಗುರುತಿನ ಮೇಲೂ ಬ್ರಶ್ ಓಡಿಸಿದೆ, ಉಳಿದ ಕಡೆ ಓಡಿಸಿದ ಹಾಗೇ.

ಏಪ್ರಿಲ್ 8, ಮಧ್ಯಾಹ್ನ

ಚಿಪ್ಪು ಮುಗಿಯಿತು. ಮುಂಭಾಗದ ಹೋಳು, ಬಕೆಟ್, ಹಿಂಭಾಗದ ಹೋಳು. ಕೈ ತಾನಾಗಿ ನಡೆಯಿತು. ಪುಣ್ಯ.

ಏಪ್ರಿಲ್ 8, ಸಂಜೆ

ಚಿಪ್ಪು ಬಿಡುತ್ತಿಲ್ಲ. ಬೆಣೆ ಹೊಡೆದೆ, ನೀರು ಬಿಟ್ಟೆ. ಎರಡೂ ಹೋಳು ಕಚ್ಚಿಕೊಂಡು ಕೂತಿವೆ. ವ್ಯಾಸಲೀನ್ ಡಬ್ಬಿ ಶೆಲ್ಫ್ ಮೇಲೆ, ಮುಚ್ಚಳ ಹಾಕಿದ ಹಾಗೇ. ಬಕೆಟ್ ತೊಳೆದು ಬಂದೆ, ಇವರು ಹಚ್ಚಿರುತ್ತಾರೆ ಅಂದುಕೊಂಡೆ. ಅಂದುಕೊಂಡದ್ದೂ ಅಲ್ಲ...

ಅತ್ತೆಗೆ ಹೇಳಿದೆ. ಬೈಗುಳ ತಿನ್ನಲು ತಯಾರಾಗಿದ್ದೆ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಅವನು ಇದಾನೆ ಅಂತ್ಲೇ ಕೆಲ್ಸ ಮಾಡ್ಬಿಟ್ಯಾ?"

ಹೂಂ ಅಂದೆ.

ಏಪ್ರಿಲ್ 9

ಒಡೆದೆ. ಉಳಿ, ಸಣ್ಣ ಸುತ್ತಿಗೆ. ಏಟು ಜೋರಾದರೆ ಒಳಗಿನ ಮಣ್ಣು ಪುಡಿ. ಮಣ್ಣು ಹೋದರೆ ಹೊಸ ಚಿಪ್ಪು ಕಟ್ಟಲು ಆಧಾರವೇ ಇಲ್ಲ, ಮುಖ ಹೋದಂತೆಯೇ. ಅತ್ತೆ ಇಡೀ ಅಚ್ಚನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದರು.

"ನಿಧಾನ ಕಣೇ. ನನ್ ಮೂಗು!"

ಇಬ್ಬರಿಗೂ ನಗು ಬಂತು. ಯಾಕೆ ಬಂತೋ. ಚಿಪ್ಪು ಚೂರುಚೂರಾಗಿ ಬಿಟ್ಟಿತು. ಸಿಲಿಕೋನ್ ಒತ್ತಿ ನೋಡಿದೆ, ಒಳಗೆ ಮಣ್ಣು ಪುಡಿಯಾಗಿಲ್ಲ, ಗಟ್ಟಿಯಾಗಿದೆ. ನಾಳೆ ಮತ್ತೆ ಮೊದಲಿಂದ.

ಏಪ್ರಿಲ್ 10

ಮುಂಭಾಗದ ಹೋಳು ಕಟ್ಟಿ ಬಕೆಟ್ ತೊಳೆಯಲು ಹೋದೆ. ವ್ಯಾಸಲೀನ್, ವ್ಯಾಸಲೀನ್ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ತೊಳೆದೆ. ವಾಪಸ್ ಬಂದರೆ ಅತ್ತೆ, ಕನ್ನಡಕ ಹಣೆಗೇರಿಸಿಕೊಂಡು, ಡಬ್ಬಿ ಹಿಡಿದು ಅಂಚಿನುದ್ದಕ್ಕೂ ಬೆರಳಾಡಿಸುತ್ತಿದ್ದಾರೆ.

"ಇಷ್ಟು ಸಾಕಾ ನೋಡು. ಅವನು ಎಷ್ಟು ಹಚ್ತಿದ್ದ?"

ಗೊತ್ತಿಲ್ಲ. ಒಂದು ದಿನವೂ ನೋಡಿಲ್ಲ ನಾನು. ಯಾವಾಗ ಬಂದರೂ ಹಚ್ಚಿಯಾಗಿರುತ್ತಿತ್ತು. ಅದನ್ನೇ ಹೇಳಹೋದೆ. ಬಕೆಟ್ ಬಿದ್ದು ಉರುಳಿತು. ಅತ್ತೆ ಆ ಜಿಡ್ಡು ಕೈಯಲ್ಲೇ ನನ್ನ ಮುಖ ಒರೆಸಿದರು. ತುಂಬಾ ಹೊತ್ತು ಅತ್ತೆವು. ಇಬ್ಬರೂ.

ಎರಡನೇ ಹೋಳು ಇನ್ನೂ ಬಾಕಿ. ಮುಖ ತೊಳೆದು ಬರುತ್ತೇನೆ ಅಂತ ಹೇಳಿ ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಅಲ್ಲಿಂದ ಕೂಗುತ್ತಿದ್ದಾರೆ, ಪ್ಲಾಸ್ಟರ್ ಪುಡಿ ಸುರಿದಾಯ್ತು, ನೀರು ಎಷ್ಟು ಹಾಕ್ಲೇ ಅಂತ. ಅಯ್ಯೋ, ಮೊದಲು ನೀರು, ಆಮೇಲೆ ಪುಡಿ—