ಬಲಗಡೆಯ ದೀಪದಲ್ಲಿ ನೀರು

ತಾರ್ನಾಕ, ಹೈದರಾಬಾದ್
ಸೆಪ್ಟೆಂಬರ್ ೯, ಮಂಗಳವಾರ

ತೀರ್ಥರೂಪ ಮಾವನವರಿಗೆ,

ಮೊದಲು ನಮಸ್ಕಾರ, ಜಗಳ ಆಮೇಲೆ. ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದರಂತೆ, ಕೋಲು ಹಿಡಿದು ಬಾಗಿಲ ತನಕ ನಡೆಯುತ್ತಿದ್ದೀರಂತೆ, ಸುವರ್ಣಕ್ಕ ಹೇಳಿದರು. ಮಗಳ ಮನೆ ಎಂದು ಸಂಕೋಚ ಮಾಡಿಕೊಂಡು ಊಟ ಕಡಿಮೆ ಮಾಡಬೇಡಿ, ಮಾತ್ರೆ ತಪ್ಪಿಸಬೇಡಿ. ಹೈದರಾಬಾದಿನಲ್ಲಿ ಹೆಜ್ಜೆಗೊಂದು ಎಲುಬಿನ ಆಸ್ಪತ್ರೆ ಇದ್ದರೂ "ನನ್ನ ಮೊಣಕಾಲಿಗೆ ಕನ್ನಡ ತಿಳಿಯೋ ಡಾಕ್ಟರ್ ಬೇಕು" ಎಂದು ಹಟ ಹಿಡಿದು ಕಲಬುರಗಿಗೆ ಹೋದವರು ನೀವು. ಆ ಕನ್ನಡದ ಡಾಕ್ಟರು ಹೇಳಿದ್ದನ್ನಾದರೂ ಕೇಳಿ. ಇಲ್ಲಿ ಅತ್ತೆಯವರು ಚೆನ್ನಾಗಿದ್ದಾರೆ. ಬೆಳಿಗ್ಗೆ ಸಂಜೆ ಉಬ್ಬಸದ ಪಂಪು ಎಳೆದುಕೊಳ್ಳುತ್ತಾರೆ, ಉಸಿರು ಹಗುರಾಗಿದೆ. ನಿಮ್ಮ ಮೊಮ್ಮಗಳು ನಿರೀಕ್ಷಾಳ ಪರೀಕ್ಷೆ ಶುಕ್ರವಾರ ಮುಗಿಯುತ್ತದೆ. ನಿಮ್ಮ ಮಗ ಎಂದಿನಂತೆ ಮೆಟ್ರೊ ಹತ್ತಿ, ಇಳಿದು, ಆಟೊ ಹಿಡಿದು ಕೊಂಡಾಪುರದ ಆಫೀಸು ಮುಟ್ಟುತ್ತಾರೆ. ಸ್ಟೇರಿಂಗ್ ಕಂಡರೆ ಅವರ ಅಂಗೈ ಬೆವರುವುದು ಇನ್ನೂ ನಿಂತಿಲ್ಲ.

ಫೋನಿನ ಕಾಲದಲ್ಲಿ ಇವಳೇಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ನಿಮಗೆ ಎರಡು ಮಾತು ಕೇಳಿಸುತ್ತದೆ, ಮೂರನೆಯದಕ್ಕೆ "ಏ ಸುವರ್ಣಾ, ಈಕಿ ಏನಂತಾಳ ಕೇಳು" ಎಂದು ದಾಟಿಸಿಬಿಡುತ್ತೀರಿ. ನನ್ನ ಮಾತು ಇನ್ನೊಬ್ಬರ ಬಾಯಿಂದ ನಿಮ್ಮನ್ನು ಮುಟ್ಟುವುದು ನನಗೆ ಬೇಡ. ಅಲ್ಲದೆ ನಾಂಪಲ್ಲಿಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೂತು, ಬಂದವರಿಗೆಲ್ಲ "ಬಾಯಿಮಾತು ನಡಿಯಂಗಿಲ್ಲ, ಬರವಣಿಗೀಲೆ ಕೊಡ್ರಿ" ಎಂದು ಹೇಳಿದವರು ನೀವೇ. ಪಿಕ್ನಿಕ್ಕಿಗೆ ಹೋಗಲು ಕೇಳಿದ ನಿರೀಕ್ಷಾಳಿಂದ ಕೂಡ ಅರ್ಜಿ ಬರೆಸಿಕೊಂಡಿದ್ದೀರಿ. ಅದಕ್ಕೇ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಪೂರ್ತಿ ಓದಿ, ನಡುವೆ ಮಡಿಚಿಡಬೇಡಿ.

ಆಗಸ್ಟಿನ ಆ ಮಧ್ಯಾಹ್ನ ನೀವೂ ಕಾರಿನ ಹಿಂದಿನ ಸೀಟಿನಲ್ಲಿದ್ದಿರಿ, ಆದ್ದರಿಂದ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿಯವರೆಗೆ ಆ ಕಥೆಯನ್ನು ಬಂಧುಬಳಗಕ್ಕೆಲ್ಲ ಹೇಳಿದವರು ನೀವೊಬ್ಬರೇ. ಅತ್ತೆಯವರಿಗೆ ಉಸಿರು ಕಟ್ಟಿತ್ತು, ಪಂಪು ಎಳೆದರೂ ಇಳಿದಿರಲಿಲ್ಲ, ತುಟಿ ನೀಲಿಯಾಗಿತ್ತು. ಹೊರಗೆ ಧೋ ಎಂದು ಮಳೆ. ಆಟೊ ಇಲ್ಲ, ಆಂಬುಲೆನ್ಸಿನವರು ನಲವತ್ತು ನಿಮಿಷ ಎಂದರು. ನೀವು "ತಡಿ, ಮಳಿ ನಿಲ್ಲಲಿ" ಎಂದಿರಿ. ನಾನು ತಡೆಯಲಿಲ್ಲ. ರೈಲ್ವೆ ಸೇತುವೆಯ ಕೆಳಗೆ ನೀರು ಗಾಲಿಯ ಅರ್ಧಕ್ಕಿತ್ತು. ಮೊದಲನೇ ಗೇರಿನಲ್ಲಿ, ಕಾಲು ಕದಲಿಸದೆ, ಒಂದೇ ಸಮನೆ ಓಡಿಸಿ ದಾಟಿಸಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನಿಮ್ಮೆದುರೇ ಹೇಳಿದರು. ಅಂಥ ದಿನ ಮತ್ತೆ ಬಂದರೆ ಮತ್ತೆ ಹಾಗೇ ಓಡಿಸುತ್ತೇನೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಇದನ್ನು ದಪ್ಪಕ್ಷರ ಎಂದೇ ಓದಿಕೊಳ್ಳಿ.

ಮರುದಿನ ಬೆಳಿಗ್ಗೆ ನೀವು ಕೆಳಗಿಳಿದು ನೋಡಿದ್ದು ಅತ್ತೆಯವರ ಔಷಧದ ಚೀಟಿಯನ್ನಲ್ಲ, ಕಾರಿನ ಮೋರೆಯನ್ನು. ಬಲಗಡೆಯ ಹೆಡ್‌ಲೈಟಿನ ಗಾಜಿನೊಳಗೆ ಮಂಜು ಹಿಡಿದಿತ್ತು, ತಳದಲ್ಲಿ ನೀರು ನಿಂತಿತ್ತು. ಪಾರ್ಕಿಂಗಿನಲ್ಲಿ ನಾಲ್ಕು ಮನೆಯವರು ನಿಂತಿದ್ದಾಗ ನೀವು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: "ಈಕಿ ಕೈಯಾಗ ಗಾಡಿ ಕೊಟ್ರ ಹಿಂಗ ಆಗತೈತಿ. ನೀರಾಗ ಹೊಡದು ಲೈಟ್ ಹಾಳ ಮಾಡಿದ್ಲು." ಬೀಗದ ಕೈ ಅವತ್ತೇ ನಿಮ್ಮ ಕಪಾಟು ಸೇರಿತು. ನಾನು ಮೂವತ್ತೈದು ದಾಟಿದ ಮೇಲೆ, ಹೆದರಿ ಹೆದರಿ, ವಿಶ್ವವಿದ್ಯಾಲಯದ ಮರಗಳ ರಸ್ತೆಯಲ್ಲಿ ಬೆಳಬೆಳಿಗ್ಗೆ ಕಲಿತ ವಿದ್ಯೆ ಅದು. ಅದೂ ಆ ಕಪಾಟಿನೊಳಗೇ ಹೋಯಿತು. ಆಗ ನಾನು ಬಾಯಿ ಮುಚ್ಚಿಕೊಂಡೆ. ನಿಮಗೆ ಆಪರೇಷನ್ ಇದೆ, ಮನಸ್ಸು ಕೆಡಿಸಬಾರದು ಎಂದುಕೊಂಡೆ. ಬಾಯಿ ಮುಚ್ಚಿದ್ದೇ ತಪ್ಪಾಯಿತು.

ಏಕೆಂದರೆ ಹೋದ ಬುಧವಾರ ಸುವರ್ಣಕ್ಕನ ಬಾಯಿಂದ ನಿಮ್ಮ ಹುಕುಂ ಬಂತು. ನಿಮ್ಮ ತಮ್ಮನ ಮೊಮ್ಮಗ ವೈಭವ ಹದಿನಾಲ್ಕನೇ ತಾರೀಕು ರವಿವಾರ ಬಂದು ಕಾರು ಒಯ್ಯುತ್ತಾನೆ, ಕಾಗದಪತ್ರ ತೆಗೆದಿಡಿ ಎಂದು. ಕಾರು ನಿಮ್ಮದು, ನೀವು ಯಾರಿಗಾದರೂ ಕೊಡಿ, ಅದಕ್ಕೆ ನಾನು ಅಡ್ಡ ಬರುವವಳಲ್ಲ. ಆದರೆ ಅದಕ್ಕೆ ನೀವು ಕೊಟ್ಟ ಕಾರಣ ಇತ್ತಲ್ಲ, "ಮನ್ಯಾಗ ಗಾಡಿ ಹೊಡಿಯೋವ್ರು ಯಾರೂ ಇಲ್ಲ" ಎಂದು, ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಯಾರೂ ಇಲ್ಲವೇ ಮಾವ? ಮೊಣಕಾಲು ನೋವೆಂದು ನೀವು ಓಡಿಸುವುದು ಬಿಟ್ಟ ಮೇಲೆ ಮೂರು ವರ್ಷ ನಿಮ್ಮನ್ನು ಪೆನ್ಷನ್ ಕಚೇರಿಗೆ, ಅತ್ತೆಯವರನ್ನು ಆಸ್ಪತ್ರೆಗೆ, ಜನವರಿ ಬಂದರೆ ಎಲ್ಲರನ್ನೂ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಕರೆದೊಯ್ದವಳು ಯಾರು? ಕಾರು ತಾನೇ ಉರುಳಿಕೊಂಡು ಹೋಗುತ್ತಿತ್ತೇ?

ಮರುದಿನ, ಗುರುವಾರ, ಅತ್ತೆಯವರ ಹತ್ತಿರ ಬೀಗದ ಕೈ ಕೇಳಿದೆ. ಕಪಾಟಿನ ಇನ್ನೊಂದು ಕೀಲಿ ಇಪ್ಪತ್ತು ವರ್ಷದಿಂದ ಅವರ ಹಾಸಿಗೆಯ ಕೆಳಗಿದೆ, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಮಾತೂ ಕೇಳದೆ ತೆಗೆದುಕೊಟ್ಟರು. ಮೊದಲು ಮೂಲೆಯ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ಟು ಕೂಡ ಎತ್ತಲಿಲ್ಲ. ಗಾಜಿಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, "ಪೂರಾ ಸೆಟ್ ಬದಲ್ನಾ ಪಡ್ತಾ ಮೇಡಂ. ಸಾರ್ ಕಬ್ ಆತೇ?" ಎಂದ. ಇಡೀ ಸೆಟ್ಟೇ ಬದಲಿಸಬೇಕಂತೆ, ಸಾರ್ ಬಂದ ಮೇಲೆ ಸಾರ್ ಜೊತೆ ಮಾತಾಡುತ್ತಾನಂತೆ. ಅವನನ್ನು ಕಳಿಸಿ, ಎರಡು ದಿನ ಫೋನಿನಲ್ಲಿ ಕಂಡಕಂಡ ವೀಡಿಯೊ ನೋಡಿ, ಶನಿವಾರ ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನೇ ಕೆಳಗಿಳಿದೆ. ವಾಚ್‌ಮನ್ ಹುಲಗೇಶ ಓಡಿಬಂದು "ಅಕ್ಕಾರ, ನಿಮ್ಮ ಕೈ ಹೊಲಸಾಗತಾವ, ನಾ ಬಿಚ್ಚತೀನಿ ಬಿಡ್ರಿ" ಎಂದ. ಹತ್ತನೇ ನಂಬರಿನ ಪಾನಾ ಮಾತ್ರ ಇಸಿದುಕೊಂಡು, ಕೈ ತೊಳೆಯಲು ಮನೆಯಲ್ಲಿ ಸಾಬೂನಿದೆ ಎಂದು ಹೇಳಿ ಕಳಿಸಿದೆ. ಅತ್ತೆಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತರು, ಕೈಯಲ್ಲಿ ಬ್ಯಾಟರಿ ಹಿಡಿದುಕೊಂಡು.

ಮೂರು ಬೋಲ್ಟು. ಎರಡು ಸಲೀಸಾಗಿ ಬಂದವು, ಮೂರನೆಯದು ತುಕ್ಕು ಹಿಡಿದಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಒಂದು ಚಹಾ ಕುಡಿದು ಬಂದು ತಿರುಗಿಸಿದೆ. ವಯರಿನ ಕೊಂಡಿ ಬಿಡಿಸಿ, ದೀಪವನ್ನು ಹೊರಗೆಳೆದು ಹಳೆಯ ಟವೆಲ್ಲಿನ ಮೇಲೆ ಬೋರಲು ಹಾಕಿದೆ. ಅದರ ಹಿಂಬದಿಯಲ್ಲಿ, ಬಲ್ಬಿಗೆ ನೀರು ತಾಗದಿರಲಿ ಎಂದು, ದುಂಡನೆಯ ರಬ್ಬರಿನ ಟೋಪಿಯೊಂದಿರುತ್ತದೆ. ದೂರದಿಂದ ನೋಡಿದರೆ ಸರಿಯಾಗಿಯೇ ಕೂತಂತೆ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಒಂದು ಅಂಚು ಉಗುರು ತೂರುವಷ್ಟು ಎದ್ದಿತ್ತು. ಟೋಪಿ ಕಿತ್ತೆ. ಒಳಗೆ ಏನೋ ಕಪ್ಪಗೆ ಅಂಟಿಕೊಂಡಿತ್ತು. ಇಲಿ ಗೂಡು ಕಟ್ಟಿದೆ ಎಂದುಕೊಂಡು ಹೇರ್‌ಪಿನ್ನಿನಿಂದ ಎಳೆದೆ. ಬಂದದ್ದು ಬನ್ನಿ, ಮಾವ. ದಸರೆಯ ಬನ್ನಿ. ಕಿರುಬೆರಳುದ್ದದ ಒಣಗಿದ ಕಡ್ಡಿಗಳು, ಪುಡಿಪುಡಿಯಾದ ಎಲೆ, ಒಂದಲ್ಲ, ಮೂರು ಕಟ್ಟು. ಒಂದೊಂದಕ್ಕೂ ಕಡತ ಕಟ್ಟುವ ಕೆಂಪು ದಾರದ ಗಂಟು.

ಆ ಗಂಟು ಈ ಭೂಮಿಯ ಮೇಲೆ ಇನ್ಯಾರ ಕೈಗೂ ಬರುವುದಿಲ್ಲ ಎಂದು ನಾನು ಬಾಂಡ್ ಪೇಪರಿನ ಮೇಲೆ ಬರೆದುಕೊಡುತ್ತೇನೆ. ಸಕ್ಕರೆ ಪೊಟ್ಟಣದಿಂದ ಹಿಡಿದು ಪಂಚಾಂಗದ ತನಕ ಈ ಮನೆಯಲ್ಲಿ ನೀವು ಕಟ್ಟದೆ ಬಿಟ್ಟ ವಸ್ತುವೇ ಇಲ್ಲ. ಅತ್ತೆಯವರು ಬ್ಯಾಟರಿಯ ಬೆಳಕು ಬಿಟ್ಟು, ದಾರ ನೋಡಿ, ನಗಲಿಕ್ಕೆ ಹತ್ತಿದವರು ಕೆಮ್ಮು ಬರುವ ತನಕ ನಕ್ಕರು. "ಇದು ನಿಮ್ಮ ಮಾವಾರ ಕೈಕೆಲಸ. ಗ್ವಾಡಿಗೆ ಹೇಳಿದ್ರೂ ಒಪ್ಪತೈತಿ" ಎಂದರು. ಅಲ್ಲಿಗೆ ಕಥೆ ಸ್ಪಷ್ಟವಾಯಿತು. ಎಲ್ಲರೂ ಬನ್ನಿಯನ್ನು ದೇವರ ಮುಂದೆ ಇಡುತ್ತಾರೆ, ಹೆಚ್ಚೆಂದರೆ ಸ್ಟೇರಿಂಗಿನ ಮುಂದೆ ಇಡುತ್ತಾರೆ. ನೀವು ಬಲಗಡೆ ಶುಭ ಎಂದು, ಗಾಳಿಗೆ ಹಾರಬಾರದೆಂದು, ರಬ್ಬರ್ ಟೋಪಿ ಎತ್ತಿ ಅದರಡಿ ತುರುಕಿದ್ದೀರಿ. ವರ್ಷಕ್ಕೊಂದು ಕಟ್ಟು ಸೇರಿ, ಮೂರನೆಯದಕ್ಕೆ ಟೋಪಿ ಸರಿಯಾಗಿ ಕೂರಲೇ ಇಲ್ಲ. ಈ ಮಳೆಗಾಲದ ಪ್ರತಿ ಮಳೆಯ ನೀರೂ ಆ ಸಂದಿಯಿಂದಲೇ ಇಳಿದಿದೆ. ಸೇತುವೆಯ ಕೆಳಗಿನ ನೀರು ಗಾಲಿಯ ಅರ್ಧಕ್ಕಿತ್ತು, ದೀಪದ ತನಕ ಬರಲೇ ಇಲ್ಲ. ಬಂದಿದ್ದರೂ ಟೋಪಿ ಸರಿಯಾಗಿದ್ದರೆ ಒಳಗೆ ಹೋಗುತ್ತಿರಲಿಲ್ಲ. ಎಡಗಡೆಯ ದೀಪ ಅದೇ ನೀರಿನಲ್ಲಿ ದಾಟಿ ಬಂದದ್ದು, ಅದರಲ್ಲಿ ಒಂದು ಹನಿ ಇಲ್ಲ.

ಉಳಿದ ಕೆಲಸವನ್ನೂ ಹೇಳಿಬಿಡುತ್ತೇನೆ, ಅರ್ಧಕ್ಕೆ ಬಿಟ್ಟಳು ಎನ್ನಬಾರದು. ಬಲ್ಬಿನ ಗಾಜಿಗೆ ಬೆರಳು ತಾಗಿಸದೆ ಕರವಸ್ತ್ರದಲ್ಲಿ ಹಿಡಿದು ತೆಗೆದೆ. ದೀಪವನ್ನು ಬಾಗಿಸಿದರೆ ಅರ್ಧ ಲೋಟ ನೀರು ಬಿತ್ತು. ಕೆಳಗೆ ಮೂಲೆಯಲ್ಲಿ ಮೊಣಕೈಯಂತೆ ಬಾಗಿದ ಸಣ್ಣದೊಂದು ಕೊಳವೆ ಇದೆ, ದೀಪ ಬಿಸಿಯಾದಾಗ ಒಳಗಿನ ಗಾಳಿ ಅದರಿಂದ ಹೋಗಿ ಬಂದು ಮಾಡುತ್ತದೆ. ಅದರ ತುಂಬ ಕೆಸರು. ತೊಳೆದು, ಊದಿ, ಬಿಡಿಸಿದೆ. "ಅದಕ್ಕೂ ನನ್ನಂಗ ಉಸಿರು ಕಟ್ಟಿತ್ತು ಅನ್ನು" ಎಂದರು ಅತ್ತೆಯವರು. ಆಮೇಲೆ ನಿರೀಕ್ಷಾಳ ಕೂದಲು ಒಣಗಿಸುವ ಯಂತ್ರ ಹಿಡಿದೆ. ಅವಸರಕ್ಕೆ ಬಿದ್ದು ಪೂರ್ತಿ ಬಿಸಿಗೆ ಹಾಕಿ ತೀರಾ ಹತ್ತಿರ ಹಿಡಿದಾಗ ಪ್ಲಾಸ್ಟಿಕ್ಕಿನ ವಾಸನೆ ಬಂತು, ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ನಾನು ಮಾಡಿದ ತಪ್ಪನ್ನು ನಾನು ಒಪ್ಪುತ್ತೇನೆ ಎಂಬುದನ್ನು ದಯವಿಟ್ಟು ಗಮನಿಸಿ. ಬಿಸಿ ಕಡಿಮೆ ಮಾಡಿ, ಗೇಣು ದೂರದಿಂದ, ತಾಳ್ಮೆಯಿಂದ ಒಣಗಿಸಿದೆ. ಬೂಟಿನ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲಗಳನ್ನು ಸಂಜೆಯ ತನಕ ಒಳಗಿಟ್ಟು, ಮರೆಯದೆ ಹೊರಗೆ ತೆಗೆದು, ಬಲ್ಬು ಕೂಡಿಸಿ, ರಬ್ಬರ್ ಟೋಪಿಯನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ದೀಪವನ್ನು ಮತ್ತೆ ಕಾರಿಗೆ ಬಿಗಿದೆ. ರವಿವಾರ ಇಲ್ಲಿ ಭಾರಿ ಮಳೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗಾಜು ತೊಳೆದಿಟ್ಟ ಲೋಟದ ಹಾಗಿತ್ತು. ಹುಲಗೇಶ ಸುತ್ತು ಹಾಕಿ ನೋಡಿ "ಅಕ್ಕಾರ, ಶೋರೂಮಿನ್ಯಾಗೂ ಹಿಂಗ ಮಾಡಂಗಿಲ್ಲ ನೋಡ್ರಿ" ಎಂದ. ಹೊಗಳಿಕೆ ಎಂದರೆ ನನಗೆ ಇಷ್ಟ, ಸುಳ್ಳೇಕೆ ಹೇಳಲಿ. ಈ ಮನೆಯಲ್ಲಿ ಅದು ಅಪರೂಪ.

ಇವತ್ತು ಬೆಳಿಗ್ಗೆ ಇಷ್ಟು ಬರೆದು, ಇನ್ನೂ ನಾಲ್ಕು ಖಾರದ ಮಾತು ಸೇರಿಸಿ, ಸಹಿ ಹಾಕುವವಳಿದ್ದೆ. ಅತ್ತೆಯವರು ಓದಿ ಹೇಳು ಎಂದರು. ಓದಿದೆ. ಆಮೇಲೆ ಮೂರು ಕಟ್ಟು ಯಾಕೆ, ಎಣಿಸಿದೆಯಾ ಎಂದು ಕೇಳಿದರು. ಕಾರು ಬಂದು ಹದಿನಾಲ್ಕು ದಸರೆ ಆಗಿವೆ, ಕಟ್ಟು ಮೂರೇ. "ನೀ ಗಾಡಿ ಕಲ್ತ ವರ್ಷದಿಂದ ಇಡಾಕತ್ತಾರ. ಅದಕ್ಕ ಮೊದಲ ಎಂದೂ ಇಟ್ಟಿದ್ದಿಲ್ಲ. ಹುಡುಗಿ ಒಬ್ಬಾಕಿ ಹೊಂಟಾಳ, ಬನ್ನಿ ಬಂಗಾರ ಅಕಿ ಜೋಡಿ ಇರಲಿ ಅಂತಿದ್ರು. ನಿನಗ ಹೇಳಬ್ಯಾಡ ಅಂದಿದ್ರು" ಎಂದರು.

ನನಗೆ ಅಳು ಬಂತು, ಮಾವ. ಕಾಗದದ ಮೇಲಿನ ಈ ಕಲೆ ಅದೇ, ಮಳೆಯದಲ್ಲ. ಆದರೆ ಕಣ್ಣು ಒರೆಸಿಕೊಂಡ ಮೇಲೆ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಆಶೀರ್ವಾದವನ್ನು ಬಾನೆಟ್ಟಿನೊಳಗೆ ಬಚ್ಚಿಟ್ಟು, ಬೈಗುಳವನ್ನು ಮಾತ್ರ ನಾಲ್ಕು ಜನರ ಮುಂದೆ ಕೊಟ್ಟಿರಲ್ಲ, ಇದು ಯಾವ ನ್ಯಾಯ? ನೀವು ನನ್ನ ಜೀವಕ್ಕೆ ಹೆದರಿದ್ದಿರಿ ಎಂದು ಮೂರು ವರ್ಷ ನನಗೆ ತಿಳಿಯಲೇ ಇಲ್ಲ. ತಿಳಿದಿದ್ದರೆ ಗೇಟು ದಾಟುವಾಗ ಒಮ್ಮೆ ತಿರುಗಿ ಕೈ ಬೀಸುತ್ತಿದ್ದೆ. ಖಾರದ ಮಾತುಗಳ ಆ ಪುಟವನ್ನು ಹರಿದು ಹಾಕಿದ್ದೇನೆ. ಉಳಿದದ್ದು ಹಾಗೇ ಇದೆ, ಒಂದಕ್ಷರವೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಲಬುರಗಿಯಲ್ಲಿ ಯಾರು ಯಾರಿಗೆ ನನ್ನ ಮೇಲೆ ದೂರು ಹೇಳಿದ್ದಿರೋ ಅವರಿಗೆಲ್ಲ, ಅಷ್ಟೇ ದೊಡ್ಡ ದನಿಯಲ್ಲಿ, ನೀರು ಯಾರಿಂದ ಬಂತೆಂದು ಹೇಳಬೇಕು. ಮತ್ತು ಈ ದಸರೆಗೆ ಬನ್ನಿಯನ್ನು ನನ್ನ ಕೈಯಲ್ಲಿ ಕೊಡಿ. ಎಲ್ಲರಿಗೂ ಹೇಳುವಂತೆ ನನಗೂ ಹೇಳಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು. ಎಲ್ಲಿಡಬೇಕೋ ನಾನು ನೋಡಿಕೊಳ್ಳುತ್ತೇನೆ.

ಸುವರ್ಣಕ್ಕನಿಗೆ ನನ್ನ ನೆನಪು ಹೇಳಿ, ಮಕ್ಕಳಿಗೆ ಮುದ್ದು. ಕಾಲು ಜೋಪಾನ. ನಿಮ್ಮ ಕಚೇರಿಯ ಪದ್ಧತಿಯಂತೆ ಲಗತ್ತು ಕೂಡ ಇದೆ: ಕೆಂಪು ದಾರದ ಗಂಟಿನೊಂದಿಗೆ ಬನ್ನಿಯ ಕಟ್ಟು, ಒಂದು. ಉಳಿದ ಎರಡು ನನ್ನ ಹತ್ತಿರ ಇವೆ, ಕೊಡುವುದಿಲ್ಲ.

ಇಂತಿ ನಿಮ್ಮ ಸೊಸೆ,
ಈ ಮನೆಯಲ್ಲಿ ಗಾಡಿ ಹೊಡೆಯುವವಳು,
ಸ್ನೇಹಲತಾ

ತಾ.ಕ.: ಸ್ಪೀಡ್ ಪೋಸ್ಟಿನ ಹೊತ್ತು ಮುಗಿಯುತ್ತಿದೆ, ಬೇಗ ಬರೆಯುತ್ತೇನೆ. ವೈಭವನಿಗೆ ನಾನೇ ಫೋನ್ ಮಾಡಿ ಬರಬೇಡ ಎಂದೆ. "ಅಯ್ಯ, ಮನ್ಯಾಗ ನೀವ ಹೊಡಿತೀರೇನ್ರಿ ಕಾಕು? ನನಗ ಯಾರೂ ಹೇಳೇ ಇಲ್ಲ" ಎಂದ ಪಾಪ. ನಿಮ್ಮನ್ನು ಮನೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದು ಸುವರ್ಣಕ್ಕನಿಂದ ತಿಳಿಯಿತು. ಶನಿವಾರ ಬೆಳಿಗ್ಗೆ ಐದಕ್ಕೆ ಇಲ್ಲಿಂದ ಹೊರಟು, ಜಹೀರಾಬಾದ್, ಹುಮನಾಬಾದ್ ಮೇಲೆ ಹತ್ತರೊಳಗೆ ಕಲಬುರಗಿ ಮುಟ್ಟುತ್ತೇವೆ. ಕಾರು ನಾನೇ ಓಡಿಸುತ್ತೇನೆ. ಮುಂದಿನ ಸೀಟು ಅತ್ತೆಯವರದು, ನೀವು ಹಿಂದೆ ಕಾಲು ಚಾಚಿ ಕೂಡಬೇಕು, ದಾರಿ ಹೇಳಬಾರದು. ದಾರಿಯುದ್ದಕ್ಕೂ ಮಳೆ ಇದೆ ಎನ್ನುತ್ತಿದ್ದಾರೆ. ಇರಲಿ. ಎರಡೂ ದೀಪ ಹಚ್ಚಿಕೊಂಡೇ ಬರುತ್ತೇನೆ. ಗೇಟಿನ ಹತ್ತಿರ ನಿಂತಿರಿ, ಕೈ ಬೀಸುತ್ತೇನೆ.