ತಗಡಿನ ಎಮ್ಮೆಗೆ ಹೊಡೆದ ಲಾಳ

ರಾಯಚೂರು
ತಾ. 12-8-1986, ಮಂಗಳವಾರ

ಪ್ರೀತಿಯ ಯವ್ವಾ,

ನಿನ್ನ ಪಾದಗಳಿಗೆ ಮಗ ಮೌನಪ್ಪನ ಶರಣು. ನಿನ್ನ ಮೊಣಕಾಲು ಹೇಗಿದೆ? ಗದ್ದೆಯ ಕೆಸರಿನಲ್ಲಿ ಕಳೆ ತೆಗೆದು ತೆಗೆದು ನಿನ್ನ ಬೆರಳಸಂದಿ ಕೊಳೆತಿದೆ ಎಂದು ಅಕ್ಕ ಹೋದ ಸಲ ಬರೆಸಿದ್ದಳು. ಬೇವಿನೆಣ್ಣೆ ಹಚ್ಚುತ್ತೀಯೋ, ಇಲ್ಲಾ ನಾತ ಅಂತ ಬಾಟಲಿಯನ್ನು ಗೂಡಿನಲ್ಲೇ ಇಟ್ಟಿದ್ದೀಯೋ? ಪಂಚಮಿಗೆ ಅಕ್ಕ ಯಾವ ಉಂಡಿ ಕಟ್ಟಿದ್ದಳು? ನಾನು ಇಲ್ಲಿ ಒಂದೇ ಒಂದು ಉಂಡಿ ತಿಂದೆ, ಅದೂ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ. ಹುಸೇನಪ್ಪ ಭಾವಾ, ಈ ಕಾಗದವನ್ನು ಯವ್ವನಿಗೆ ಓದಿ ಹೇಳುವವರು ನೀವೇ ಆದ್ದರಿಂದ ಒಂದು ಮಾತು. ಬೈಗುಳ ಬಂದ ಕಡೆ ಕೆಮ್ಮಿ ಮುಂದೆ ಹೋಗಬೇಡಿರಿ. ಇದ್ದದ್ದು ಇದ್ದ ಹಾಗೆ ಓದಿರಿ. ಯವ್ವನಿಗೆ ಇದಕ್ಕಿಂತ ದೊಡ್ಡ ಬೈಗುಳ ಬರುತ್ತವೆ.

ಯವ್ವಾ, ನನಗೆ ಬಂದಿರುವ ಸಿಟ್ಟಿಗೆ ಪೆನ್ನಿನ ಮೂತಿ ಎರಡು ಸಲ ಕಾಗದ ಹರಿದಿದೆ. ಎಲ್ಲಾ ಆ ಹುಲ್ಲು ಕತ್ತರಿಸುವ ಗಾಡಿಯಿಂದ. ಭಾವ ಅದನ್ನು ನೋಡಿಲ್ಲ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ನೀನು ಬೇಸರ ಮಾಡಿಕೊಳ್ಳಬೇಡ. ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರ ಗೆಸ್ಟ್‌ಹೌಸಿನ ಮುಂದೆ ದೊಡ್ಡ ಹುಲ್ಲಿನ ಮೈದಾನ ಇದೆ. ಅದನ್ನು ನೀನು, ಗೋಪಮ್ಮ ಚಿಗವ್ವ, ನಮ್ಮ ಓಣಿಯ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನಿಂದ ಕೊಯ್ಯುತ್ತಿದ್ದಿರಿ. ಹೋದ ವರ್ಷ ದೇವದುರ್ಗದ ಕಡೆಯ ಕಾಲುವೆ ಕ್ಯಾಂಪಿನಲ್ಲಿ ಹಳೇ ಸಾಮಾನು ಹರಾಜಾದಾಗ ಸಾಹುಕಾರರು ಈ ಗಾಡಿಯನ್ನು ಹಿಡಿದು ತಂದರು. ಮೇಲೆ ಸೀಟು, ಸ್ಟೇರಿಂಗು. ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬುಟ್ಟಿಯಂಥ ತಗಡಿನ ಡೆಕ್ಕು, ಅದರೊಳಗೆ ಗರಗರ ತಿರುಗುವ ಬ್ಲೇಡು. ಇಂಜಿನ್ನಿನಿಂದ ಡೆಕ್ಕಿಗೆ ಒಂದು ರಬ್ಬರ್ ಬೆಲ್ಟು, ಬೆಲ್ಟಿಗೆ ಕೈಕಾಲು ಸಿಗದಂತೆ ಮೇಲೊಂದು ತಗಡಿನ ಮುಚ್ಚಳ. ಅದನ್ನು ನೋಡಿ ಗೋಪಮ್ಮ ಚಿಗವ್ವ ಅಂದ ಮಾತು ಇನ್ನೂ ಓಣಿಯಲ್ಲಿ ತಿರುಗಾಡುತ್ತಿದೆ. ‘ಹುಲ್ಲ ತಿಂತದ, ಹಾಲಿಲ್ಲ, ಸೆಗಣಿ ಇಲ್ಲ. ಎಂಥಾ ಎಮ್ಮಿಬೇ ಇದು!’

ಹತ್ತನೇ ಈಯತ್ತೆ ಓದಿದವನೆಂದು ನನ್ನನ್ನು ಆ ಎಮ್ಮೆಯ ಮೇಲೆ ಕೂಡ್ರಿಸಿದರು, ನಿಮ್ಮನ್ನೆಲ್ಲ ಮನೆಗೆ ಕಳಿಸಿದರು. ತಾಯಿಯ ಕೆಲಸ ತಿಂದ ಗಾಡಿಯ ಮೇಲೆ ಮಗ ಸವಾರಿ ಮಾಡುತ್ತಾನೆ ಎಂದು ಜನ ನಕ್ಕರು. ನೀನು ನಗಲಿಲ್ಲ, ಅಳಲೂ ಇಲ್ಲ. ‘ಕುಂದರಪಾ, ನೀನರೆ ನೆರಳಾಗ ಕುಂದರು. ಕಾಲು ಜ್ವಾಕಿ’ ಅಂದೆ. ಸೀಟಿಗೆ ನೆರಳು ಎಲ್ಲಿದೆ ಯವ್ವಾ! ದಸರೆಯ ಖಂಡೇಪೂಜೆಯ ದಿನ ನೀನು ಟಾಂಗಾ ಸ್ಟ್ಯಾಂಡಿನಿಂದ ಸವೆದ ಕುದುರೆ ಲಾಳ ಬೇಡಿ ತಂದೆ. ವೆಲ್ಡಿಂಗ್ ಅಂಗಡಿಯ ಶಾಮೀದಸಾಬನನ್ನು ಕರೆತಂದು, ನನ್ನ ಎಡಗಾಲು ಊರುವ ಜಾಗದಲ್ಲಿ ಬೆಲ್ಟಿನ ಮುಚ್ಚಳಕ್ಕೆ ತೂತು ಹೊಡೆಸಿ, ಲಾಳ ಕೂಡ್ರಿಸಿ, ಕುಂಕುಮ ಹಚ್ಚಿದೆ. ಮಗನ ಕಾಲಡಿ ಕತ್ತಿ ತಿರುಗುತ್ತದೆ, ಲಾಳ ಕಾಯುತ್ತದೆ ಎಂದು. ಆಮೇಲೆ ಕುಡುಗೋಲನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆಂದು ಮಾನ್ವಿ ಬಸ್ಸು ಹತ್ತಿದೆ.

ಇಷ್ಟು ದಿನ ಗಾಡಿ ಸುಮ್ಮನೆ ಓಡಿತು. ಈಗ ಹದಿನೈದನೇ ಆಗಸ್ಟ್ ಬಂತಲ್ಲ, ಝಂಡಾ ಏರಿಸಲು ದೊಡ್ಡವರು ಬರುತ್ತಾರಂತೆ. ಸೂಪರ್‌ವೈಸರ್ ಬಂದು, ‘ಹುಲ್ಲು ಜಮಖಾನಿ ಇದ್ದಂಗ ಇರಬೇಕಲೇ, ಡೆಕ್ ಪೂರಾ ಕೆಳಗ ಇಳಿಸು’ ಅಂದ. ಇಳಿಸಿದೆ. ಒಂದು ಸುತ್ತು ಹಾಕುವಷ್ಟರಲ್ಲಿ ಕಿರ್ರೆಂದು ಸಪ್ಪಳ, ಚಪ್ಪಲಿ ಸುಟ್ಟಂಥ ವಾಸನೆ. ಬೆಲ್ಟಿನ ಬೆನ್ನು ಉಜ್ಜಿ ಉಜ್ಜಿ ನೂಲು ಹೊರಗೆ ಬಂದು ಪಟ್ಟನೆ ಹರಿಯಿತು. ಹೈದರಾಬಾದಿನಿಂದ ಹೊಸದು ತರಿಸಿದರು. ಅದೂ ಹಾಗೇ ಹರಿಯತೊಡಗಿತು. ನಾನು ಮಾಡದ್ದು ಏನಿಲ್ಲ ಯವ್ವಾ. ಡೆಕ್ಕಿಗೆ ಅಂಟಿದ ಹಳೇ ಹುಲ್ಲನ್ನು ಕೆರೆದು ತೊಳೆದೆ. ಬೆಲ್ಟು ಸುತ್ತುವ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೋ ಇಲ್ಲವೋ ಎಂದು ದಾರ ಎಳೆದು ನೋಡಿದೆ. ಬೇರಿಂಗ್ ಅಲುಗಾಡಿಸಿದೆ. ಬೆಲ್ಟು ಜಾರದಂತೆ ಪಕ್ಕದಲ್ಲಿ ನಿಲ್ಲಿಸಿದ ಕಡ್ಡಿ ಸೊಟ್ಟಗಾಗಿತ್ತು, ಬಡಿದು ನೆಟ್ಟಗೆ ಮಾಡಿದೆ. ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದರೆ ಬೆಲ್ಟು ಮದುಮಗಳ ಹಾಗೆ ಸಪ್ಪಳವಿಲ್ಲದೆ ಓಡುತ್ತಿತ್ತು. ಮುಚ್ಚಳ ಹಾಕಿ ಮೈದಾನಕ್ಕೆ ಇಳಿದರೆ ಮತ್ತೆ ಅದೇ ಸುಟ್ಟ ವಾಸನೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಮಿಲ್ಲಿನ ಫಿಟ್ಟರ್ ಬಂದ. ಅವನೂ ಮುಚ್ಚಳ ತೆಗೆದೇ ನೋಡಿದ. ಬೀಡಿ ಮುಗಿಯುವ ತನಕ ಇಂಜಿನ್ ಓಡಿಸಿದ, ಬೆಲ್ಟಿಗೆ ಏನೂ ಆಗಲಿಲ್ಲ. ‘ಗಾಡಿಗೇನೂ ಆಗಿಲ್ರೀ, ಹುಡುಗಗೇ ಏನೋ ಆಗ್ಯದ’ ಅಂದು ಹೋದ. ಆ ಮಾತನ್ನು ಸೂಪರ್‌ವೈಸರ್ ಹಿಡಿದುಕೊಂಡ. ಆ ಬೆಲ್ಟೂ ಹರಿದು ಗಾಡಿ ನಿಂತಿದ್ದಕ್ಕೆ ಹೆಂಗಸರನ್ನು ಕುಡುಗೋಲು ಹಿಡಿದು ಬರಲು ಹೇಳಿಕಳಿಸಿದ್ದರು. ಅವರು ಕೂತು ಕೊಯ್ಯುತ್ತಿರುವಾಗ ಎಲ್ಲರ ಮುಂದೆ ಅಂದ: ‘ಅವ್ವ ಹುಲ್ಲು ಕೊಯ್ಯಾಕಿ, ಮಗ ಬೆಲ್ಟ್ ಕೊಯ್ಯಾಂವ. ಓಣಿ ಹೆಂಗಸರಿಗೆ ಕೆಲಸ ಸಿಗಲಿ ಅಂತ ಗಾಡಿ ಕೆಡಿಸ್ತೀಯೇನಲೇ?’ ಹಲ್ಕಟ್ ನನ್ನ ಮಗ! ಭಾವಾ, ಇದನ್ನು ಜೋರಾಗಿ ಓದಿರಿ.

ಇದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಮಧ್ಯಾಹ್ನ ಗೋಪಮ್ಮ ಚಿಗವ್ವ ಸೆರಗಿನಿಂದ ಪಂಚಮಿಯ ಶೇಂಗಾ ಉಂಡಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಕಣ್ಣು ಹೊಡೆದು, ‘ಭೇಷ್ ಮಾಡಿದಿ ನನ್ನಪ್ಪಾ. ತಾಯಿ ಹಾಲು ಮರೀಲಿಲ್ಲ ನೀನು’ ಅಂದಳು. ಮಾಡದ ಕಳವಿಗೆ ಒಬ್ಬ ಕಳ್ಳ ಅನ್ನುತ್ತಾನೆ, ಇನ್ನೊಬ್ಬಳು ಉಂಡಿ ಕೊಡುತ್ತಾಳೆ. ನಾನು ಮಾಡಿಲ್ಲ ಚಿಗವ್ವಾ ಅಂದರೆ, ‘ಹೌದೌದು, ನಾ ಯಾರ ಮುಂದೂ ಹೇಳಂಗಿಲ್ಲ’ ಎಂದು ನಗುತ್ತಾಳೆ. ಆ ಉಂಡಿ ಹೇಗೆ ಇಳಿದೀತು ಹೇಳು?

ನಿನ್ನೆ ಸಿಟ್ಟಿನಲ್ಲಿ ಮುಚ್ಚಳವನ್ನು ಕಿತ್ತು ನೆಲಕ್ಕೆ ಬಿಸಾಕಿದೆ. ಅದು ಬೋರಲಾಗಿ ಬಿತ್ತು. ಬಿಸಿಲಲ್ಲಿ ಏನೋ ಮಿಂಚಿತು. ಬಾಗಿ ನೋಡಿದರೆ ನಿನ್ನ ಲಾಳದ ಬೋಲ್ಟು! ಮುಚ್ಚಳದ ಒಳಗೆ ಹೆಬ್ಬೆರಳುದ್ದ ಚಾಚಿಕೊಂಡಿದೆ. ಅದರ ತುದಿ ಬೆಳ್ಳಿಯ ಹಾಗೆ ಸವೆದು ಹೊಳೆಯುತ್ತಿದೆ, ಸುತ್ತಲೂ ಕರಿ ರಬ್ಬರಿನ ಪುಡಿ. ಡೆಕ್ಕು ಮೇಲಿದ್ದಾಗ ಬೆಲ್ಟು ಅದಕ್ಕೆ ತಾಗುತ್ತಿರಲಿಲ್ಲ. ಡೆಕ್ಕು ಪೂರ್ತಿ ಇಳಿಸಿದಾಗ ಬೆಲ್ಟು ಇಂಜಿನ್ನಿನ ಕಡೆ ಏರಿಕೊಂಡು ಹೋಗುತ್ತದೆ, ಆ ತುದಿಗೆ ಬೆನ್ನು ಉಜ್ಜುತ್ತದೆ. ಎಲ್ಲರೂ ಮುಚ್ಚಳ ತೆಗೆದಿಟ್ಟು ರೋಗ ಹುಡುಕಿದೆವು, ರೋಗ ಮುಚ್ಚಳದಲ್ಲೇ ಇತ್ತು. ಬೋಲ್ಟುಗಳನ್ನು ತಿರುವು ಮುರುವು ಮಾಡಿ, ತಲೆ ಒಳಗೆ, ನಟ್ಟು ಹೊರಗೆ ಬರುವಂತೆ ಹಾಕಿದೆ. ಹರಿದ ಬೆಲ್ಟಿಗೆ ಬದಲು ಇನ್ನೊಂದು ಬಂದಿತ್ತು, ಅದನ್ನು ಏರಿಸಿ, ಡೆಕ್ಕು ಪೂರ್ತಿ ಇಳಿಸಿ, ಮೈದಾನದ ಆ ತುದಿಯಿಂದ ಈ ತುದಿಗೆ ಓಡಿಸಿದೆ. ಸಪ್ಪಳವಿಲ್ಲ, ವಾಸನೆಯಿಲ್ಲ. ಹೆಂಗಸರು ಕುಡುಗೋಲು ಕೈಯಲ್ಲೇ ಹಿಡಿದು ಎದ್ದು ನಿಂತು ನೋಡಿದರು. ಗಾಡಿ ಓಡಿದರೆ ಅವರ ಕೆಲಸ ಮತ್ತೆ ಹೋಯಿತು ಎಂದು ನನಗೂ ಗೊತ್ತಿತ್ತು. ಆದರೆ ನಿನ್ನ ಹೆಸರಿಗೆ, ನನ್ನ ಹೆಸರಿಗೆ ಹತ್ತಿದ ಕೆಸರು ತೊಳೆಯದೆ ಬಿಡುವುದು ಹೇಗೆ?

ಖುಷಿಯಿಂದ ಹೋಗಿ ಸೂಪರ್‌ವೈಸರನನ್ನು ಕರೆತಂದು ತೋರಿಸಿದೆ. ಅವನು ಲಾಳ ನೋಡಿದ. ಯಾರು ಬಡಿಸಿದ್ದು ಅಂದ. ನಮ್ಮವ್ವ ಅಂದೆ. ಅವನು ಹಲ್ಲು ಕಿಸಿದ. ‘ಮತ್ತ ನಾ ಅಂದದ್ದೇ ಖರೆ ಆತಲ್ಲಲೇ! ಹೊಟ್ಟಿಕಿಚ್ಚಿಗೆ ಮಾಟ ಮಾಡಿ, ಮೊಳಿ ಬಡದು ಹೋಗ್ಯಾಳ ನಿಮ್ಮವ್ವ.’ ಸುದ್ದಿ ಕೇಳಿ ಶಾಮೀದಸಾಬ ಅಂಗಡಿ ಬಿಟ್ಟು ಓಡಿಬಂದು ಹೇಳಿದ: ‘ಉದ್ದ ಬೋಲ್ಟ್ ಹಾಕಿದ್ದು ನಾನ್ರೀ ಸಾಬ್. ಡಬ್ಬಿಯೊಳಗ ಸಣ್ಣದು ಇದ್ದಿಲ್ಲ. ಇವರವ್ವ ಯಮನಮ್ಮಗ ಬೋಲ್ಟಿನ ಉದ್ದ ಏನ್ ಮಾಲೂಮ್ರೀ?’ ಕೇಳಬೇಕಲ್ಲ ಅವನು! ನನಗೆ ಅಂದ: ಲಾಳ ಕಿತ್ತು ಬಿಸಾಡು, ಸಾಹುಕಾರರ ಮುಂದೆ ನಿಂತು ನಮ್ಮವ್ವ ಬೇಕೆಂದೇ ಮಾಡಿದಳು ಅಂತ ಒಪ್ಪಿಕೋ, ನಿನ್ನ ಕೆಲಸ ಉಳಿಸುತ್ತೇನೆ. ‘ಆ ಲಾಳ ಇರೋದು ನನ್ನ ಕಾಲಿನ ಬುಡಕ್ರೀ. ಹೆತ್ತ ಮಗನ ಕಾಲಿಗೆ ಯಾವ ತಾಯಿ ಮಾಟ ಮಾಡ್ತಾಳ್ರೀ?’ ಅಂದೆ. ಅವನು ಲೇ ಅಂದ, ನಾನೂ ಲೇ ಅಂದೆ. ಮುಂದಿನದು ಬರೆಯುವಂಥದ್ದಲ್ಲ. ನಾನೇ ಲಾಳ ಬಿಚ್ಚಿಕೊಂಡೆ, ಗಾಡಿಯ ಚಾವಿಯನ್ನು ಅವನ ಕಾಲ ಬಳಿ ಒಗೆದು ಬಂದೆ. ಈಗ ನನಗೆ ಕೆಲಸ ಇಲ್ಲ.

ಬೈಯಬೇಡ. ‘ನಿನಗ ಬುಡದಾಗ ಮುಳ್ಳು ಅದಾವೇನೋ, ಒಂದ್ ಕಡಿ ಕುಂದ್ರಂಗಿಲ್ಲ’ ಅಂತ ನೀನು ಯಾವಾಗಲೂ ಅನ್ನುತ್ತಿದ್ದೆ. ಈ ಸಲ ಕೂತೇ ಇದ್ದೆ ಯವ್ವಾ, ಎಬ್ಬಿಸಿದವರು ಅವರು. ಮುಂದಿನ ವಾರ ಗುರುವಾರ ಮೊದಲನೇ ಬಸ್ಸಿಗೆ ಮಾನ್ವಿಗೆ ಬರುತ್ತೇನೆ. ಅಲ್ಲಿ ಟ್ರ್ಯಾಕ್ಟರ್ ಇದ್ದವರನ್ನು ಭಾವ ಕೇಳಿ ಇಟ್ಟಿರಲಿ. ಅಕ್ಕ ಬಸವಂತಮ್ಮನಿಗೆ ನೆನಪು ಹೇಳು. ನನ್ನ ಪಾಲಿನ ಉಂಡಿಯನ್ನು ಭಾವ ತಿಂದು ಮುಗಿಸದಿರಲಿ. ಕೆಸರಿನಿಂದ ಬಂದ ಕೂಡಲೇ ಕಾಲು ಒರೆಸಿ ಎಣ್ಣೆ ಹಚ್ಚು.

ಸಿಟ್ಟು ಇನ್ನೂ ಇಳಿಯದ ನಿನ್ನ ಮಗ,
ಮೌನಪ್ಪ

ತಾ.ಕ.: ಕಾಗದ ಅಂಟಿಸುವಾಗ ಗೋಪಮ್ಮ ಚಿಗವ್ವ ಬಂದಳು. ನನ್ನ ಜಾಗಕ್ಕೆ ಅವಳ ಮಗ ಸೂಗಪ್ಪನನ್ನು ನಾಳೆಯಿಂದ ಕೂಡ್ರಿಸುತ್ತಾರಂತೆ. ಬಾಗಿಲಲ್ಲೇ ನಿಂತು ನೆಲ ನೋಡುತ್ತಾ, ‘ಯಮನಮ್ಮ ಬಡಿಸಿದ್ದ ಲಾಳ ಎಲ್ಲಿಟ್ಟೀಯಪಾ? ನನ್ನ ಮಗನ ಕಾಲಿಗೆ ಬೇಕು’ ಅಂದಳು. ಲಾಳವನ್ನು ಚೀಲದಿಂದ ತೆಗೆದೆ. ಈಗಷ್ಟೇ ಹೋಗಿ, ಸೂಪರ್‌ವೈಸರನ ಕಣ್ಣಿಗೆ ಬೀಳದಂತೆ ಸೀಟಿನ ಅಡಿಯಲ್ಲಿ, ಬೆಲ್ಟು ಮುಟ್ಟದ ಕಡೆ ನಾನೇ ಬಿಗಿದು ಬಂದೆ. ‘ನಿಮ್ಮವ್ವ ಬೇಕಂತಲೇ ಮಾಡ್ಯಾಳ ಅಂತ ನಾನೂ ತಿಳದಿದ್ದೆ. ಇದನ್ನ ಆಕಿಗಿ ಬರೀಬ್ಯಾಡ’ ಎಂದು ಚಿಗವ್ವ ಅಂದಿದ್ದಾಳೆ. ಅದಕ್ಕೇ ಬರೆದಿದ್ದೇನೆ.